ಹೊಸ ಟ್ರ್ಯಾಕ್ಟರಿನ ದೋಷವೂ ಕೊಂಡವನ ಹಕ್ಕೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಸಾಧಾರಣ ರೈತನು ಮನೆ ಕಟ್ಟುವುದನ್ನೂ ಮಗಳ ಮದುವೆಯನ್ನೂ ಬಿಟ್ಟರೆ, ತನ್ನ ಜೀವಮಾನದಲ್ಲಿ ಒಂದೇ ಗಂಟಿಗೆ ಅತ್ಯಧಿಕ ಹಣ ತೆರುವುದು ಕೊಳವೆಬಾವಿಗೆ, ಇಲ್ಲವೆ ಟ್ರ್ಯಾಕ್ಟರಿಗೆ. ಕೊಳವೆಬಾವಿಯಲ್ಲಿ ನೀರು ಬೀಳದಿದ್ದರೆ ದೈವವನ್ನು ದೂರಬಹುದು. ಹೊಸ ಟ್ರ್ಯಾಕ್ಟರು ಪೂಜೆಯ ಕುಂಕುಮ ಮಾಸುವ ಮೊದಲೇ ಕೆಟ್ಟು ನಿಂತರೆ ಯಾರನ್ನು ದೂರಬೇಕು? ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಈ ಪ್ರಶ್ನೆಯು ನಮ್ಮ ಮನೆಯ ಬಾಗಿಲಿಗೇ ಬಂದುದರಿಂದ ಅದನ್ನು ಅಭ್ಯಾಸ ಮಾಡಬೇಕಾಯಿತು.

ಪಾವಗಡ ತಾಲ್ಲೂಕಿನಲ್ಲಿರುವ ನನ್ನ ಸೋದರಮಾವನವರು ಕಳೆದ ವರ್ಷ ಬ್ಯಾಂಕಿನ ಸಾಲವೂ ಸೇರಿ ಏಳೂವರೆ ಲಕ್ಷ ರೂಪಾಯಿಗೆ ಹೊಸ ಟ್ರ್ಯಾಕ್ಟರನ್ನು ಕೊಂಡರು. ಕೊಂಡದ್ದು ಗಡಿಯಾಚೆ, ಆಂಧ್ರದ ಪಟ್ಟಣವೊಂದರಲ್ಲಿ. ಪಾವಗಡವು ಬಹುಪಾಲು ಆಂಧ್ರದ ನೆಲದಿಂದಲೇ ಸುತ್ತುವರಿದ ತಾಲ್ಲೂಕಾದ್ದರಿಂದ ಇದರಲ್ಲಿ ವಿಶೇಷವೇನೂ ಇಲ್ಲ. ಅಲ್ಲಿಯ ಜನರಿಗೆ ಸುಮಾರು ನೂರು ಕಿಲೋಮೀಟರು ದೂರದ ತುಮಕೂರಿಗಿಂತ ಹಿಂದೂಪುರದ ಪೇಟೆಯೇ ಹತ್ತಿರ. ಹದಿನೈದು ದಿನಗಳೊಳಗೆ ಲಿಫ್ಟು ನೇಗಿಲನ್ನು ಎತ್ತದಾಯಿತು, ಎಣ್ಣೆ ಸೋರತೊಡಗಿತು. ನಾಲ್ಕು ಸಲ ಮಾರಾಟಗಾರರ ಷೆಡ್ಡಿಗೆ ಒಯ್ದರು. ಪ್ರತಿ ಸಲವೂ, "ಹೊಸ ಗಾಡಿ ಯಜಮಾನ್ರೇ, ಪಳಗಬೇಕು" ಎಂಬ ಸಮಾಧಾನವೇ ದೊರೆಯಿತು. ಅಷ್ಟರಲ್ಲಿ ಕಡಲೆಕಾಯಿ ಬಿತ್ತನೆಯ ಹದ ತಪ್ಪಿತು. ಬಾಡಿಗೆ ಟ್ರ್ಯಾಕ್ಟರಿಗೆ ಹಣ ಕೊಟ್ಟದ್ದೂ ಆಯಿತು, ಬ್ಯಾಂಕಿನ ಕಂತೂ ನಿಲ್ಲಲಿಲ್ಲ.

"ಆಂಧ್ರದ ಕೋರ್ಟಿಗೆ ಅಲೆಯೋರು ಯಾರಪ್ಪ? ಅದೂ ಅಲ್ದೆ ನಾನು ನಾಲ್ಕು ಜನಕ್ಕೆ ಬಾಡಿಗೆಗೆ ಉತ್ತವನು. ನನ್ನನ್ನ ಗ್ರಾಹಕ ಅಂತಾರೇನು?" ಎಂದರು ಮಾವನವರು. ಈ ಎರಡು ಶಂಕೆಗಳು ನಮ್ಮ ಕಡೆ ಬಹುಜನರಲ್ಲಿವೆ. ಆದುದರಿಂದ ಇವನ್ನೇ ಮೊದಲು ವಿಚಾರಿಸೋಣ.

ಕೊಳ್ಳುವವನೇ ಎಚ್ಚರವಾಗಿರಬೇಕೆಂಬುದು ವ್ಯಾಪಾರದ ಹಳೆಯ ನ್ಯಾಯ. 1930ರ ಸರಕು ಮಾರಾಟ ಕಾಯಿದೆಯೇ ಅದಕ್ಕೆ ಮಿತಿಯನ್ನು ಹಾಕಿತು: ಅಂಥ ಸರಕಿನ ವ್ಯಾಪಾರಿಯಿಂದ ವಿವರಣೆ ನೋಡಿ ಕೊಂಡ ವಸ್ತುವು ಮಾರಾಟಯೋಗ್ಯ ಗುಣದ್ದಾಗಿರಬೇಕೆಂಬ ಷರತ್ತು, ಬಾಯಿಬಿಟ್ಟು ಹೇಳದಿದ್ದರೂ, ವ್ಯಾಪಾರದಲ್ಲಿ ಅಡಗಿರುತ್ತದೆ. ಆದರೆ ಸಿವಿಲ್ ಕೋರ್ಟಿನ ಖರ್ಚನ್ನು ತಾಳಬಲ್ಲವರೆಷ್ಟು ಮಂದಿ? 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದಿತು. ಅದರ ಸ್ಥಾನದಲ್ಲಿ 2019ರ ಕಾಯಿದೆಯು 2020ರ ಜುಲೈ 20ರಿಂದ ಜಾರಿಗೆ ಬಂದಿದೆ.

ಹಳೆಯ ಕಾಯಿದೆಯ ಪ್ರಕಾರ ಎದುರುಪಕ್ಷದವರು ಇರುವ ಅಥವಾ ವ್ಯವಹಾರ ನಡೆಸುವ ಕಡೆ, ಇಲ್ಲವೆ ವ್ಯಾಜ್ಯಕಾರಣ ಹುಟ್ಟಿದ ಕಡೆ ದೂರು ಕೊಡಬೇಕಾಗಿತ್ತು. ಮಾವನವರ ಭಯ ಅಂದಿಗೆ ಸರಿಯೇ. ಹೊಸ ಕಾಯಿದೆಯ 34ನೆಯ ಕಲಮು ದೂರುದಾರನು ವಾಸವಾಗಿರುವ ಜಿಲ್ಲೆಯಲ್ಲಿಯೂ ದೂರು ಕೊಡಲು ಅವಕಾಶವಿತ್ತಿದೆ. ಹಿಂದೂಪುರದಲ್ಲಿ ಕೊಂಡರೂ ಪಾವಗಡದವನು ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಗಡಿನಾಡಿನವರಿಗೆ ಈ ಒಂದು ವಾಕ್ಯದಿಂದ ಆದ ಉಪಕಾರ ಕಡಿಮೆಯದಲ್ಲ.

ಎರಡನೆಯ ಶಂಕೆ: ವಾಣಿಜ್ಯಕ್ಕಾಗಿ ಕೊಂಡವನು ಗ್ರಾಹಕನಲ್ಲವೆಂಬುದು ನಿಜ. ಆದರೆ ಸ್ವಂತ ದುಡಿಮೆಯಿಂದ ಜೀವನ ಸಾಗಿಸುವುದಕ್ಕೆಂದೇ ಕೊಂಡು ಬಳಸುವುದು ವಾಣಿಜ್ಯವಲ್ಲವೆಂದು ಕಾಯಿದೆಯೇ ವಿವರಿಸಿದೆ. ತಾನೇ ಓಡಿಸಲು ಆಟೋರಿಕ್ಷಾ ಕೊಂಡವನು ಗ್ರಾಹಕನೇ ಎಂಬ ಅರ್ಥದಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಮೊಕದ್ದಮೆಯಲ್ಲಿ ಇದನ್ನು ಬಿಡಿಸಿ ಹೇಳಿದೆ. ತನ್ನ ಹೊಲವನ್ನು ಉತ್ತು, ಬಿಡುವಾದಾಗ ನೆರೆಯವರ ಹೊಲಕ್ಕೂ ತಾನೇ ಓಡಿಸುವ ರೈತನು ಈ ವಿವರಣೆಯೊಳಗೆ ಬರುತ್ತಾನೆಂಬುದೇ ನನ್ನ ಅಭಿಪ್ರಾಯ. ಐದಾರು ಟ್ರ್ಯಾಕ್ಟರುಗಳಿಗೆ ಸಂಬಳದ ಚಾಲಕರನ್ನಿಟ್ಟವನ ಮಾತು ಬೇರೆ.

ಶುಲ್ಕದ ವಿಷಯ ಸಣ್ಣದು. ಕೊಟ್ಟ ಬೆಲೆ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಐದರಿಂದ ಹತ್ತು ಲಕ್ಷದವರೆಗೆ 200 ರೂಪಾಯಿ. ಐವತ್ತು ಲಕ್ಷದವರೆಗಿನ ವಸ್ತುಗಳ ದೂರು ಜಿಲ್ಲಾ ಆಯೋಗದ್ದು. ವಕೀಲರು ಕಡ್ಡಾಯವಲ್ಲ. ಎರಡು ವರ್ಷಗಳೊಳಗೆ ಮಾತ್ರ ದೂರು ಸಲ್ಲಬೇಕು. ಪಳಗಲಿ, ಪಳಗಲಿ ಎಂದು ಕಾಯುವವರಿಗೆ ಈ ಅವಧಿ ಕರಗುವುದೇ ತಿಳಿಯುವುದಿಲ್ಲ.

ನಿಜವಾದ ತೊಡಕಿರುವುದು ರುಜುವಾತಿನಲ್ಲಿ. ದೋಷವನ್ನು ಸರಿಪಡಿಸು, ಬದಲಿ ಕೊಡು, ಹಣ ಹಿಂದಿರುಗಿಸು, ನಷ್ಟ ತುಂಬು ಎಂದು ಆಜ್ಞೆ ಮಾಡುವ ಅಧಿಕಾರ ಆಯೋಗಕ್ಕಿದೆ. ಆದರೆ ಕೇಳಿದವರಿಗೆಲ್ಲ ಹೊಸ ವಾಹನ ಸಿಕ್ಕುವುದಿಲ್ಲ. 2006ರಲ್ಲಿ ಮಾರುತಿ ಉದ್ಯೋಗ್ ಕಂಪನಿಯ ಮೊಕದ್ದಮೆಯೊಂದರಲ್ಲಿ, ಖಾತರಿಯ ಕರಾರು ದೋಷವಿರುವ ಭಾಗವನ್ನು ಬದಲಿಸುವುದಕ್ಕೆ ಸೀಮಿತವಾಗಿದ್ದಾಗ ಇಡೀ ವಾಹನವನ್ನೇ ಬದಲಿಸೆನ್ನುವುದು ಸಲ್ಲದೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. ಈ ನಿರ್ಣಯ ಮೊದಲಿಗೆ ನನಗೆ ಕಹಿಯಾಗಿ ಕಂಡಿತು. ಒಂದು ಕ್ಲಚ್ಚಿಗಾಗಿ ಇಡೀ ಗಾಡಿಯೇ ಎಂದು ಯೋಚಿಸಿದಾಗ ಅಷ್ಟು ಅನ್ಯಾಯವೆನಿಸಲಿಲ್ಲ. ಹೀಗಾಗಿ, ದೋಷ ತಯಾರಿಕೆಯಲ್ಲೇ ಇದೆ, ಪದೇ ಪದೇ ದುರಸ್ತಿ ಮಾಡಿದರೂ ಹೋಗಿಲ್ಲ ಎಂಬುದನ್ನು ಕೊಂಡವನು ತೋರಿಸಬೇಕು. ಷೆಡ್ಡಿಗೆ ಹೋದಾಗಲೆಲ್ಲ ಕೊಡುವ ಜಾಬ್ ಕಾರ್ಡು ಅದಕ್ಕೆ ಬೆನ್ನೆಲುಬು. ಅದರಲ್ಲಿ ತಾರೀಖು, ಓಡಿದ ಗಂಟೆ, ರೈತ ಹೇಳಿದ ದೂರು ಇವು ಇರಬೇಕು. "ಸಾಮಾನ್ಯ ಸರ್ವಿಸು" ಎಂದು ಬರೆದ ಕಾರ್ಡಿಗೆ ಸಹಿ ಹಾಕಿದರೆ ನಮ್ಮ ಕೈಯಿಂದ ನಾವೇ ಅವರ ಪರ ಸಾಕ್ಷಿ ಬರೆದುಕೊಟ್ಟಂತೆ. ಪರೀಕ್ಷೆಯಿಲ್ಲದೆ ತಿಳಿಯದ ದೋಷವಾದರೆ ಪರೀಕ್ಷೆ ಮಾಡಿಸಿ ವರದಿ ತರಿಸಿಕೊಳ್ಳುವುದಕ್ಕೂ ಕಾಯಿದೆಯಲ್ಲಿ ಅವಕಾಶವುಂಟು. ಅಂಥ ದೂರುಗಳು ಐದು ತಿಂಗಳಲ್ಲಿ ತೀರಬೇಕೆಂದು ಕಾಯಿದೆಯ ಆಶಯ. ಆಚರಣೆಯಲ್ಲಿ ಇನ್ನೂ ಹೆಚ್ಚು ಹಿಡಿಯುವುದುಂಟು.

ನಾಲ್ಕು ಸಲ ಹೋಗಿಬಂದ ಮಾವನವರಲ್ಲಿದ್ದದ್ದು ಒಂದೇ ಜಾಬ್ ಕಾರ್ಡು, ಅದೂ ತೆಲುಗಿನಲ್ಲಿ ಎರಡು ಸಾಲು. ಪುಣ್ಯಕ್ಕೆ, ಎಣ್ಣೆ ಸೋರುವ ಚಿತ್ರಗಳನ್ನು ಅವರ ಮಗಳು ಆಗಾಗ್ಗೆ ಮಾರಾಟಗಾರರ ಮೊಬೈಲಿಗೆ ಕಳುಹಿಸಿದ್ದಳು. ತಾರೀಖುಗಳು ಅದರಲ್ಲಿ ಉಳಿದಿದ್ದವು. ಅವನ್ನೆಲ್ಲ ಕ್ರಮವಾಗಿ ಜೋಡಿಸಿ, ಮಾರಿದವರಿಗೂ ತಯಾರಕರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟೀಸು ಕಳುಹಿಸಿದೆವು. ಉತ್ತರ ಬರಲಿಲ್ಲ. ಇಬ್ಬರನ್ನೂ ಎದುರುಪಕ್ಷ ಮಾಡಿ ತುಮಕೂರಿನಲ್ಲಿ ದೂರು ಕೊಟ್ಟದ್ದಾಗಿದೆ, ನಂಬರೂ ಬಿದ್ದಿದೆ. ಟ್ರ್ಯಾಕ್ಟರು ಈಗ ಹುಣಿಸೆಮರದ ಕೆಳಗೆ ತಾಡಪಾಲು ಹೊದ್ದು ನಿಂತಿದೆ. ಪರೀಕ್ಷೆಗೆ ಜನ ಬರುವವರೆಗೆ ಯಾವ ಮೆಕ್ಯಾನಿಕ್ಕೂ ಅದರ ಒಂದು ನಟ್ಟನ್ನು ಮುಟ್ಟಕೂಡದೆಂದು ಮಾವನವರು ಮನೆಮಂದಿಗೆಲ್ಲ ತಾಕೀತು ಮಾಡಿದ್ದಾರೆ.