ವಾಲ್ವ್ ಬದಲಿಸಿಕೊಂಡು ಊರಿಗೆ ಬಂದ ಮೇಲೆ

ಅಥಣಿ, ಕಾಗವಾಡ, ರಾಯಬಾಗದ ಕಡೆಯವರು ಹೃದಯದ ಕಾಯಿಲೆ ಎಂದರೆ ಮೀರಜಿನ ದಾರಿ ಹಿಡಿಯುತ್ತಾರೆ. ನಿಪ್ಪಾಣಿಯವರಿಗೆ ಕೊಲ್ಲಾಪುರ ಹತ್ತಿರ, ಚಿಕ್ಕೋಡಿಯವರು ಬೆಳಗಾವಿಗೂ ಹೋಗುತ್ತಾರೆ. ಆಪರೇಷನ್ ಅಲ್ಲಿ, ಬಾಳುವೆ ಇಲ್ಲಿ. ಹಲವರಲ್ಲಿ, ಚಿಕ್ಕಂದಿನಲ್ಲಿ ಗಂಟಲು ಬೇನೆಯ ಬೆನ್ನಿಗೆ ಬಂದ ರುಮ್ಯಾಟಿಕ್ ಜ್ವರ ಹೃದಯದ ವಾಲ್ವನ್ನು ಕೆಡಿಸಿರುತ್ತದೆ. ಮೈಟ್ರಲ್ ವಾಲ್ವ್ ಕಿರಿದಾಗುವುದು ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಎಷ್ಟೋ ಜನರಿಗೆ ಅದು ಗೊತ್ತಾಗುವುದು ಬಸಿರಿನಲ್ಲಿ ದಮ್ಮು ಹತ್ತಿದಾಗ. ಆಪರೇಷನ್ ಮಾಡಿದವರು ಒಬ್ಬರು, ರಕ್ತ ಪರೀಕ್ಷೆ ನೋಡುವವರು ಇನ್ನೊಬ್ಬರು, ಜ್ವರಕ್ಕೆ ಗುಳಿಗೆ ಕೊಡುವ ಊರ ಡಾಕ್ಟರು ಮತ್ತೊಬ್ಬರು. ಇಡೀ ಕಥೆ ಗೊತ್ತಿರುವವರು ನೀವೊಬ್ಬರೇ. ಲೆಕ್ಕ ನಿಮ್ಮ ಕೈಯಲ್ಲೇ ಇರಲಿ.

ಹಂತ 1: ಯಾವ ವಾಲ್ವ್ ಎಂದು ಕೇಳಿ
ಲೋಹದ್ದೋ, ಪ್ರಾಣಿಯ ಅಂಗಾಂಶದ್ದೋ? ಲೋಹದ್ದಾದರೆ ರಕ್ತ ತೆಳು ಮಾಡುವ ಗುಳಿಗೆ ಜೀವನಪರ್ಯಂತ. ಮುಂದಿನ ಮಾತೆಲ್ಲ ಹೆಚ್ಚಾಗಿ ಅವರಿಗೇ.

ಹಂತ 2: ಒಂದು ವಹಿ ಇಡಿ
ಪುಟಕ್ಕೆ ಗೆರೆ ಎಳೆದು ನಾಲ್ಕು ಮನೆ ಮಾಡಿ: ತಾರೀಖು, ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಎಂದು ತೋರುವ ಅಂಕಿ), ಗುಳಿಗೆ ಎಷ್ಟು ಮಿಲಿಗ್ರಾಂ, ಮುಂದಿನ ಪರೀಕ್ಷೆ ಯಾವಾಗ. ಗುಳಿಗೆ ತೆಗೆದುಕೊಳ್ಳದವರಲ್ಲಿ ಐಎನ್‌ಆರ್ 1ರ ಆಸುಪಾಸು ಇರುತ್ತದೆ. ಮೈಟ್ರಲ್ ಜಾಗದಲ್ಲಿ ಲೋಹದ ವಾಲ್ವ್ ಇದ್ದವರಿಗೆ ಸಾಮಾನ್ಯವಾಗಿ 2.5ರಿಂದ 3.5. ನಿಮ್ಮ ಅಂಕಿಯನ್ನು ಡಾಕ್ಟರಿಂದಲೇ ಬರೆಸಿಕೊಳ್ಳಿ. ಅದಕ್ಕಿಂತ ಇಳಿದರೆ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟುವ ಭಯ, ಏರಿದರೆ ರಕ್ತಸ್ರಾವದ ಭಯ. ಅಂಕಿ ಒಂದೇ ಮಟ್ಟದಲ್ಲಿ ನಿಂತ ಮೇಲೂ ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಪ್ರತಿ ಸಲವೂ ಮೀರಜಿಗೆ ಹೋಗಿಬರುವುದು ಖರ್ಚಿನ ಮಾತು. ಹಾಗಾಗಿ ಪರೀಕ್ಷೆಯನ್ನು ಹತ್ತಿರದ ಒಂದೇ ಲ್ಯಾಬಿನಲ್ಲಿ ಮಾಡಿಸಿ, ಅಂಕಿಯನ್ನು ಫೋನಿನಲ್ಲಿ ತಿಳಿಸಬಹುದೇ ಎಂದು ಡಾಕ್ಟರನ್ನು ಮೊದಲೇ ಕೇಳಿಡಿ.

ಹಂತ 3: ಗುಳಿಗೆಗೆ ಒಂದು ಹೊತ್ತು
ವಾರ್ಫರಿನ್ ಅಥವಾ ಅಸಿಟ್ರೋಮ್, ಯಾವುದಾದರೂ ಸರಿ, ದಿನಾ ಒಂದೇ ಹೊತ್ತಿಗೆ ನುಂಗಿ. ಸಂಜೆಯ ಹೊತ್ತು ಅನುಕೂಲ. ನುಂಗಿದ ಕೂಡಲೇ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಗೆರೆ ಹೊಡೆದರೆ, ತಗೊಂಡೆನೋ ಇಲ್ಲವೋ ಎಂಬ ಗೊಂದಲ ಉಳಿಯದು. ಮರೆತದ್ದು ಅದೇ ದಿನ ನೆನಪಾದರೆ ನುಂಗಿ. ಮರುದಿನ ನೆನಪಾದರೆ ಎರಡು ಸೇರಿಸಿ ನುಂಗಬೇಡಿ, ವಹಿಯಲ್ಲಿ ಬರೆದಿಡಿ. ಐಎನ್‌ಆರ್ ಪರೀಕ್ಷೆಯ ರಗಳೆಯಿಲ್ಲದ ಹೊಸ ಗುಳಿಗೆಗಳಿವೆಯಲ್ಲ ಎಂದು ಯಾರಾದರೂ ಹೇಳಬಹುದು. ಲೋಹದ ವಾಲ್ವಿಗೆ ಅವು ಆಗುವುದಿಲ್ಲ.

ಹಂತ 4: ಪಲ್ಯ ಬಿಡಬೇಡಿ
“ಹಸಿರು ತಿನ್ನಬ್ಯಾಡ ಅಂದಾರ” ಎಂದು ಮೆಂತೆ, ಪಾಲಕ್, ಹಕ್ಕರಕಿ ಎಲ್ಲ ಬಿಟ್ಟು ಬರೀ ರೊಟ್ಟಿ-ಚಟ್ನಿಯ ಮೇಲೆ ಇರುವವರಿದ್ದಾರೆ. ಅದು ಅರ್ಧ ಕೇಳಿಸಿಕೊಂಡ ಮಾತು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಗುಳಿಗೆಯ ಬಲವನ್ನು ತಗ್ಗಿಸುತ್ತದೆ ನಿಜ, ಆದರೆ ಡಾಕ್ಟರು ಗುಳಿಗೆಯ ಪ್ರಮಾಣ ಗೊತ್ತುಮಾಡುವುದೇ ನಿಮ್ಮ ಊಟಕ್ಕೆ ಹೊಂದಿಸಿ. ವಾರಕ್ಕೆ ಮೂರು ಸಲ ಪಲ್ಯ ತಿನ್ನುವ ರೂಢಿಯಿದ್ದರೆ ಪ್ರತಿ ವಾರವೂ ಅಷ್ಟೇ ಇರಲಿ. ಸಂತೆಯಲ್ಲಿ ಸೊಪ್ಪು ಅಗ್ಗವೆಂದು ಒಂದು ವಾರ ಎರಡು ಹೊತ್ತೂ ತಿಂದು, ಮುಂದಿನ ವಾರ ಮುಟ್ಟದಿದ್ದರೆ ಅಂಕಿ ಕುಣಿಯುತ್ತದೆ. ಏಕಾದಶಿ, ಶ್ರಾವಣ, ಚಿಂಚಲಿ ಮಾಯಕ್ಕನ ಹರಕೆ ಎಂದು ಉಪವಾಸ ಮಾಡುವವರು ಡಾಕ್ಟರನ್ನು ಕೇಳಿಯೇ ಮಾಡಬೇಕು. ಗುಳಿಗೆಗೆ ಮಾತ್ರ ಉಪವಾಸವಿಲ್ಲ. ಕಾಲು ಬಾವು ಇದ್ದವರು ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ.

ಹಂತ 5: ಬೇಕಾದ ಸೂಜಿ, ಬೇಡದ ಸೂಜಿ
ಕಬ್ಬು ಕಡಿಯುವ ಕಾಲದಲ್ಲಿ ಸೊಂಟ ಹಿಡಿದರೆ ಊರ ಡಾಕ್ಟರ ಹತ್ತಿರ ಡೈಕ್ಲೋಫೆನಾಕ್ ಸೂಜಿ ಮಾಡಿಸಿಕೊಳ್ಳುವುದು ನಮ್ಮಲ್ಲಿ ಮಾಮೂಲು. ನಿಮಗೆ ಅದು ಬೇಡ: ಚುಚ್ಚಿದಲ್ಲಿ ರಕ್ತ ಕಟ್ಟಬಹುದು, ಹೊಟ್ಟೆಯೊಳಗೆ ರಕ್ತ ಸೋರಬಹುದು. ನೋವಿನ ಗುಳಿಗೆಗಳಿಗೂ ಇದೇ ಮಾತು. ಅಂಗಡಿಯಿಂದ ತಂದು ನುಂಗಬೇಡಿ. ಮೆಟ್ರೋನಿಡಜೋಲಿನಂಥ ಆಂಟಿಬಯೋಟಿಕ್ ಐಎನ್‌ಆರ್ ಏರಿಸುತ್ತದೆ, ಕ್ಷಯದ ರಿಫಾಂಪಿಸಿನ್ ಇಳಿಸುತ್ತದೆ. ಹೊಸ ಗುಳಿಗೆ ಶುರುವಾದರೆ ಹೃದಯದ ಡಾಕ್ಟರಿಗೆ ತಿಳಿಸಿ, ಪರೀಕ್ಷೆ ಬೇಗ ಮಾಡಿಸಿ.

ರುಮ್ಯಾಟಿಕ್ ಜ್ವರ ಮರುಕಳಿಸದಂತೆ ಮೂರು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಸೂಜಿ ಬೇರೆ. ವಾಲ್ವ್ ಬದಲಾಯಿತಲ್ಲ ಎಂದು ಅದನ್ನು ನೀವಾಗಿ ನಿಲ್ಲಿಸಬಾರದು. ರಕ್ತ ತೆಳುವಾಗುವ ಗುಳಿಗೆ ನಡೆದಿದೆ ಎಂದು ಸೂಜಿ ಹಾಕುವವರಿಗೆ ಮೊದಲೇ ಹೇಳಿ, ಆಮೇಲೆ ಆ ಜಾಗವನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ.

ಹಂತ 6: ಮಿಶ್ರಿ ಬಿಡಿ
ಗಡಿಭಾಗದ ತಂಬಾಕಿನ ಸೀಮೆಯಲ್ಲಿ ಬೆಳಗೆದ್ದು ಹಲ್ಲಿಗೆ ಮಿಶ್ರಿ (ತಂಬಾಕಿನ ಪುಡಿ) ತಿಕ್ಕುವ ಹೆಂಗಸರು ಇಂದಿಗೂ ಇದ್ದಾರೆ. ಗುಳಿಗೆ ಅತಿಯಾದಾಗ ರಕ್ತ ಮೊದಲು ಕಾಣಿಸಿಕೊಳ್ಳುವ ಜಾಗಗಳಲ್ಲಿ ವಸಡೂ ಒಂದು. ಮಿಶ್ರಿಯ ಕಪ್ಪಿನಲ್ಲಿ ಅದು ಕಾಣುವುದೇ ಇಲ್ಲ. ಹುಳುಕು ಹಲ್ಲು, ಕೆಟ್ಟ ವಸಡಿನಿಂದ ಸೋಂಕು ರಕ್ತಕ್ಕಿಳಿದು ವಾಲ್ವಿಗೆ ಅಂಟಬಲ್ಲದು. ಹಲ್ಲು ಕೀಳಿಸುವ ಮುನ್ನ ವಾಲ್ವಿನ ವಿಷಯ ಹೇಳಿ. ಮೊದಲೇ ಆಂಟಿಬಯೋಟಿಕ್ ಕೊಡುತ್ತಾರೆ.

ಹಂತ 7: ಮುಟ್ಟು, ಬಸಿರು
ಮುಟ್ಟಿನಲ್ಲಿ ರಕ್ತ ಹೆಚ್ಚಾದರೆ ನಾಚಿಕೊಂಡು ಸುಮ್ಮನಿರಬೇಡಿ. ಮಗು ಬೇಕೆನಿಸಿದರೆ ಬಸಿರಾಗುವ ಮೊದಲೇ ಡಾಕ್ಟರ ಹತ್ತಿರ ಮಾತಾಡಿ: 6ರಿಂದ 12ನೇ ವಾರದಲ್ಲಿ ಈ ಗುಳಿಗೆ ಕೂಸಿನ ಅಂಗಗಳಿಗೆ ತೊಂದರೆ ಕೊಡಬಲ್ಲದು. ಹಾಗೆಂದು ನೀವಾಗಿ ನಿಲ್ಲಿಸಿದರೆ ತಾಯಿಯ ಜೀವಕ್ಕೇ ಸಂಚಕಾರ. ಮುಟ್ಟು ಬರಬೇಕಾದ ದಿನ ದಾಟಿ ವಾರವಾದರೂ ಬಾರದಿದ್ದರೆ ಬಸಿರೇ ಎಂದು ತಕ್ಷಣ ಪರೀಕ್ಷಿಸಿಕೊಳ್ಳಿ. ಡಾಕ್ಟರ ಹತ್ತಿರ ಮಾತಾಡಲು ಗಂಡನನ್ನೂ ಅತ್ತೆಯನ್ನೂ ಕರೆದುಕೊಂಡು ಹೋಗುವುದು ಜಾಣತನ.

ಹಂತ 8: 108ಕ್ಕೆ ಯಾವಾಗ
ಲೋಹದ ವಾಲ್ವಿನ ಟಿಕ್ ಟಿಕ್ ಎಷ್ಟೋ ಜನರಿಗೆ ಕೇಳಿಸುತ್ತದೆ. ಆ ಸದ್ದು ಮಂಕಾಗಿ ದಮ್ಮು ಬಂದರೆ, ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ಮಲ ಡಾಂಬರಿನಂತೆ ಕಪ್ಪಾದರೆ, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದರೆ (ರಕ್ತ ಬರದಿದ್ದರೂ) ಬೆಳಗಾಗಲಿ ಎಂದು ಕಾಯಬೇಡಿ, 108 ಆಂಬುಲೆನ್ಸಿಗೆ ಫೋನ್ ಮಾಡಿ. ಗಾಡಿಯವರಿಗೆ ಮೊದಲು ಹೇಳಬೇಕಾದದ್ದು ಇಷ್ಟು: ಲೋಹದ ವಾಲ್ವ್ ಇದೆ, ರಕ್ತ ತೆಳು ಮಾಡುವ ಗುಳಿಗೆ ನಡೆದಿದೆ, ಕೊನೆಯ ಐಎನ್‌ಆರ್ ಇಷ್ಟು.