ದೂರದ ಟೇಬಲ್ ನಿಧಾನವಾದರೆ

ಪೋಸ್ಟ್‌ಗ್ರೆಸ್‌ನ ಫಾರಿನ್ ಡೇಟಾ ರ‍್ಯಾಪರ್ ಮೂಲಕ ಶಾಖೆಯ ಸರ್ವರ್ ಜೋಡಿಸಿದ ಮೇಲೆ ಕ್ವೆರಿ ತುಂಬ ನಿಧಾನ ಎಂದು ಬರೆದಿದ್ದೀರಿ. ಗಾಬರಿಯಾಗಿ ಜೋಡಣೆ ಕಿತ್ತುಹಾಕಬೇಡಿ. ಮೊದಲು ‘ಎಕ್ಸ್‌ಪ್ಲೇನ್ ವರ್ಬೋಸ್’ ಓಡಿಸಿ, ‘ರಿಮೋಟ್ ಎಸ್‌ಕ್ಯೂಎಲ್’ ಸಾಲನ್ನು ಗಮನವಿಟ್ಟು ಓದಿ. ನಿಮ್ಮ ‘ವೇರ್’ ಷರತ್ತು ಅಲ್ಲಿ ಕಾಣದಿದ್ದರೆ, ಅತ್ತಲಿನ ಸಾಲುಗಳೆಲ್ಲ ಇತ್ತ ಬಂದ ಮೇಲೆ ಸೋಸುವ ಕೆಲಸ ನಡೆಯುತ್ತಿದೆ ಎಂದರ್ಥ. ಷರತ್ತಿನಲ್ಲಿ ನೀವೇ ಬರೆದ ಫಂಕ್ಷನ್ ಇದ್ದರೆ ಸಾಮಾನ್ಯವಾಗಿ ಹೀಗಾಗುತ್ತದೆ. ಅದನ್ನು ತೆಗೆದು ನೇರ ಹೋಲಿಕೆ ಬರೆಯಿರಿ. ‘ಫೆಚ್ ಸೈಜ್’ ಮೊದಲಿಗೆ 100 ಸಾಲು ಇರುತ್ತದೆ, ಏರಿಸಿ ನೋಡಿ. ಫಾರಿನ್ ಟೇಬಲ್‌ಗಳಿಗೆ ‘ಅನಲೈಸ್’ ತಾನಾಗಿ ನಡೆಯುವುದಿಲ್ಲ, ನೀವೇ ಓಡಿಸಬೇಕು.

ನನಗೆ ವೇಗಕ್ಕಿಂತ ಹೆಚ್ಚು ಕಳವಳ ತಂದದ್ದು ಬೇರೆ: ಯೂಸರ್ ಮ್ಯಾಪಿಂಗ್‌ನಲ್ಲಿ ಅತ್ತಲಿನ ಸೂಪರ್‌ಯೂಸರ್ ಪಾಸ್‌ವರ್ಡ್ ಹಾಕಿದ್ದೀರಿ. ಬೇಕಾದ ಟೇಬಲ್‌ಗಳನ್ನಷ್ಟೇ ಓದಬಲ್ಲ ಪ್ರತ್ಯೇಕ ಖಾತೆ ಮಾಡಿ, ದಯವಿಟ್ಟು ಇಂದೇ ಬದಲಿಸಿ.