ಐದು ಸೆಕೆಂಡಿನ ಎಸೆತ

ನಮ್ಮ ಜಮಖಂಡಿ, ಮುಧೋಳ, ಬೀಳಗಿ ಕಡೆ ಆಟ ಅಂದರೆ ಮೊದಲು ನೆನಪಾಗುವುದು ಕುಸ್ತಿ. ಆಮೇಲೆ ಕಬಡ್ಡಿ, ಖೋ ಖೋ. ಬಾಸ್ಕೆಟ್‌ಬಾಲ್ ನಮಗೆ ಅಷ್ಟು ಬಳಕೆಯ ಆಟ ಅಲ್ಲ. ಆದರೆ ಸಾಲಿಗೆ ಹೋಗುವ ಹೆಣ್ಣುಮಕ್ಕಳು ಈಗ ಈ ಆಟವನ್ನೂ ಆಡುತ್ತಾರೆ. ಮಗಳು ಮನೆಗೆ ಬಂದು, "ಯವ್ವಾ, ಇವತ್ತ ಎರಡು ಫ್ರೀ ಥ್ರೋ ಹಾಕಿದೆ" ಅಂದರೆ ನಾವು ಸುಮ್ಮನೆ "ಹೂಂ" ಅನ್ನಬೇಕೇ? ಅದೇನು ಅಂತ ತಿಳಿದುಕೊಳ್ಳೋಣ ಬರ್ರಿ.

ಈ ಆಟ ಹುಟ್ಟಿದ್ದು 1891ರಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ. ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಹೊಡೆದು ಅದರೊಳಗೆ ಚೆಂಡು ಹಾಕಿಸಿದರು. ಮರುವರ್ಷವೇ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ ಹೆಣ್ಣುಮಕ್ಕಳಿಗೆ ಇದನ್ನು ಕಲಿಸಿದರು. ಅಂದರೆ ಮೊದಲಿನಿಂದಲೂ ಇದು ಹೆಣ್ಣುಮಕ್ಕಳ ಆಟವೂ ಹೌದು.

ಈಗ ಬುಟ್ಟಿಯ ಬದಲು ಕಬ್ಬಿಣದ ಬಳೆ ಇರುತ್ತದೆ. ಅದಕ್ಕೆ ಬಲೆ ಕಟ್ಟಿರುತ್ತಾರೆ. ಬಳೆ ನೆಲದಿಂದ 10 ಅಡಿ ಎತ್ತರ. ಅದರ ಅಗಲ ಸುಮಾರು ಒಂದು ಮೊಳ. ಹೆಂಗಸರು ಆಡುವ ಚೆಂಡಿನ ಅಗಲ ಸುಮಾರು ಒಂದು ಗೇಣು, ತೂಕ ಅರ್ಧ ಕಿಲೋಕ್ಕಿಂತ ತುಸು ಹೆಚ್ಚು. ಮೊಳಕ್ಕೆ ಎರಡು ಗೇಣು ಅಲ್ಲವೇ? ಬಳೆಯೊಳಗೆ ಎರಡು ಚೆಂಡು ಹೆಚ್ಚೂಕಡಿಮೆ ಹಿಡಿಯುವಷ್ಟು ಜಾಗ ಇದೆ ಅಂದಂಗಾಯ್ತು. ಕೆಳಗೆ ನಿಂತು ನೋಡಿದವರಿಗೆ ಮಾತ್ರ ಇದು ನಂಬಿಕೆ ಬರುವುದಿಲ್ಲ!

ಒಂದು ತಂಡಕ್ಕೆ ಐದು ಜನ. ಆಡುವಾಗ ಎದುರಿನವರು ನೂಕಿದರೆ, ಕೈ ಹಿಡಿದು ಎಳೆದರೆ, ಹೊಡೆದರೆ ಅದು ಫೌಲ್. ಬಳೆಗೆ ಚೆಂಡು ಎಸೆಯುವವಳ ಮೇಲೆ ಫೌಲ್ ಆಗಿ ಅವಳ ಎಸೆತ ತಪ್ಪಿತು ಅನ್ನಿ. ಆಗ ಅವಳಿಗೆ ಎರಡು ಫ್ರೀ ಥ್ರೋ ಸಿಗುತ್ತವೆ. ಬಹಳ ದೂರದಿಂದ, ಮೂರು ಅಂಕದ ಗೆರೆಯ ಆಚೆಯಿಂದ ಎಸೆದಿದ್ದರೆ ಮೂರು. ಫೌಲ್ ಆದರೂ ಚೆಂಡು ಒಳಗೆ ಬಿದ್ದರೆ ಆ ಅಂಕವೂ ಅವಳದೇ, ಮೇಲೆ ಇನ್ನೊಂದು ಎಸೆತ. ಪ್ರತಿ ಫ್ರೀ ಥ್ರೋಗೆ ಒಂದೇ ಅಂಕ.

ಎಸೆಯುವ ಗೆರೆ ಬಳೆಯ ಹಿಂದಿನ ಹಲಗೆಯಿಂದ 15 ಅಡಿ ದೂರ. ಆರು ಗಜದ ಸೀರೆ ಹಾಸಿದರೆ 18 ಅಡಿ. ಅದಕ್ಕಿಂತ ಎರಡು ಮೊಳ ಕಡಿಮೆ ಅಷ್ಟೇ. ಮೊದಲು ಒಬ್ಬಳ ಪರವಾಗಿ ತಂಡದಲ್ಲಿ ಚೆನ್ನಾಗಿ ಎಸೆಯುವ ಇನ್ನೊಬ್ಬರು ನಿಲ್ಲಬಹುದಿತ್ತು. ಸುಮಾರು 1924ರಿಂದ ಆ ರೂಢಿ ಹೋಯಿತು. ಪೆಟ್ಟು ತಿಂದವಳೇ ಎಸೆಯಬೇಕು. ಗಾಯವಾಗಿ ಹೊರಗೆ ಹೋದರೆ ಮಾತ್ರ ಅವಳ ಜಾಗಕ್ಕೆ ಬಂದವಳು ಎಸೆಯುತ್ತಾಳೆ.

ಅಂಪೈರು ಚೆಂಡು ಕೈಗೆ ಕೊಟ್ಟ ಮೇಲೆ 5 ಸೆಕೆಂಡು. ಅಷ್ಟರಲ್ಲಿ ಎಸೆಯಬೇಕು. ಎಸೆದಂತೆ ಮಾಡಿ ನಿಲ್ಲಿಸುವಂತಿಲ್ಲ. ಚೆಂಡು ಬಳೆಗೆ ತಾಗುವ ತನಕ ಗೆರೆ ತುಳಿಯುವಂತಿಲ್ಲ. ತುಳಿದರೆ ಚೆಂಡು ಒಳಗೆ ಬಿದ್ದರೂ ಅಂಕ ಇಲ್ಲ. ಎದುರಿನ ಮೂವರು, ಇವಳ ಕಡೆಯ ಇಬ್ಬರು ಎರಡೂ ಬದಿಗೆ ಸಾಲಾಗಿ ನಿಲ್ಲಬಹುದು. ಚೆಂಡು ಇವಳ ಕೈ ಬಿಡುವ ತನಕ ಅವರು ಒಳಗೆ ಕಾಲಿಡಬಾರದು. ಎದುರಿನವರು ಕೈ ಬೀಸಿ, ಕೂಗಿ ಗಮನ ಕೆಡಿಸಬಾರದು. ಅವರು ತಪ್ಪು ಮಾಡಿದಾಗ ಇವಳ ಎಸೆತ ತಪ್ಪಿದರೆ ಮತ್ತೊಮ್ಮೆ ಎಸೆಯಲು ಕೊಡುತ್ತಾರೆ.

ನೋಡ್ರಿ, ಯಾರೂ ಅಡ್ಡ ಬರುವುದಿಲ್ಲ. ದೂರ ಬದಲಾಗುವುದಿಲ್ಲ. ಹಂಗಾದರೆ ಇದು ಸುಲಭ ಆಗಬೇಕಲ್ಲ? ಇಲ್ಲ. ಬ್ಯಾಂಕಿನಲ್ಲಿ ನಾವು ಮೊದಲ ಸಲ ಸಹಿ ಮಾಡಿದ್ದು ನೆನಪು ಮಾಡಿಕೊಳ್ಳೋಣ. ಮನೆಯಲ್ಲಿ ನೂರು ಸಲ ಬರೆದ ಹೆಸರೇ ಅದು. ಆದರೂ ಹಿಂದೆ ಸಾಲಿನಲ್ಲಿ ಜನ ನಿಂತಾಗ ಕೈ ನಡುಗಿತು. ಗೆರೆಯ ಮುಂದೆ ನಿಂತ ಹುಡುಗಿಗೂ ಹಂಗೇ. ಎಲ್ಲರ ಕಣ್ಣು ಅವಳ ಮೇಲೆ.

ಅದಕ್ಕೆ ಆಟಗಾರರು ಒಂದು ಕ್ರಮ ಇಟ್ಟುಕೊಳ್ಳುತ್ತಾರೆ. ಕಾಲು ಅದೇ ಜಾಗದಲ್ಲಿ. ಚೆಂಡು ನೆಲಕ್ಕೆ ಎರಡು ಸಲ ಪುಟಿಸುವುದು. ಒಂದು ಉಸಿರು. ಬಳೆಯ ಮೇಲೆ ಕಣ್ಣು. ಮೊಳಕಾಲು ಬಗ್ಗಿಸಿ ಎದ್ದು, ಬೆರಳ ತುದಿಯಿಂದ ಚೆಂಡು ಬಿಡುವುದು. ಪ್ರತಿ ಸಲವೂ ಅದೇ. ಎರಡು ಪುಟಿತ ಅಂದರೆ ಎರಡೇ. ರೊಟ್ಟಿ ಬಡಿಯುವಾಗ ಯಾವಾಗ ಒಣಹಿಟ್ಟು ಉದುರಿಸಬೇಕು, ಯಾವಾಗ ತಿರುಗಿಸಬೇಕು ಅಂತ ನಾವು ಯೋಚಿಸುತ್ತೇವೆಯೇ? ರಬಕವಿ-ಬನಹಟ್ಟಿಯಲ್ಲಿ ಕೈಮಗ್ಗದ ಮುಂದೆ ಕೂತವರು ಕಾಲು ತುಳಿದು ಲಾಳಿ ಓಡಿಸುವಾಗ ಯೋಚಿಸುತ್ತಾರೆಯೇ? ಕೈಕಾಲಿಗೆ ಗೊತ್ತಿರುತ್ತದೆ. ಕೈಗೆ ಕೆಲಸ ಗೊತ್ತಿದ್ದರೆ ಅಂಜಿಕೆಗೆ ಜಾಗ ಕಡಿಮೆ. ಆದರೆ ಐದು ಸೆಕೆಂಡಿನೊಳಗೆ ಮುಗಿಯುವಂಥ ಕ್ರಮ ಇರಬೇಕು. ಹತ್ತು ಸಲ ಪುಟಿಸುತ್ತ ನಿಂತರೆ ಸೀಟಿ ಊದುತ್ತಾರೆ.

ಇಲ್ಲಿ ಒಂದು ಕತೆ ಹೇಳಲೇಬೇಕು. ಅಮೆರಿಕದ ವಿಲ್ಟ್ ಚೇಂಬರ್ಲಿನ್ ಏಳಡಿ ಎತ್ತರದ ಆಟಗಾರ. 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕ ಹಾಕಿದ. ಅವತ್ತು 32 ಫ್ರೀ ಥ್ರೋಗಳಲ್ಲಿ 28 ಒಳಗೆ ಬಿದ್ದವು. ಆಗ ಅವನು ಎರಡೂ ಕೈಯಲ್ಲಿ ಚೆಂಡು ಹಿಡಿದು, ಮೊಳಕಾಲ ನಡುವಿನಿಂದ ಮೇಲಕ್ಕೆ ತೂರುತ್ತಿದ್ದ. ನಿಯಮದಲ್ಲಿ ಇದಕ್ಕೆ ಅಡ್ಡಿ ಇಲ್ಲ. ಆದರೆ ಹಂಗೆ ಎಸೆಯುವುದು ಹೆಂಗಸರ ರೀತಿ ಕಾಣುತ್ತದೆ ಅಂತ ಅವನಿಗೆ ನಾಚಿಕೆ ಆಯಿತು. ಬಿಟ್ಟುಬಿಟ್ಟ. ಇದನ್ನು ಆಮೇಲೆ ಅವನೇ ಬರೆದುಕೊಂಡಿದ್ದಾನೆ. ಆ ವರ್ಷ ನೂರಕ್ಕೆ 61 ಒಳಗೆ ಬೀಳುತ್ತಿದ್ದವು. 1967-68ರಲ್ಲಿ ನೂರಕ್ಕೆ 38 ಮಾತ್ರ. ರಿಕ್ ಬ್ಯಾರಿ ಎಂಬ ಇನ್ನೊಬ್ಬ ಆಟಗಾರ ಯಾರು ನಕ್ಕರೂ ಆ ರೀತಿ ಬಿಡಲಿಲ್ಲ. ಅವನದು ನೂರಕ್ಕೆ ಸುಮಾರು 89. ಹೆಂಗಸರ ರೀತಿ ಅಂತ ನಗುವವರಿಗೆ ಈ ಲೆಕ್ಕ ತೋರಿಸಬೇಕು ಅನ್ನಿಸುತ್ತದೆ ನಮಗೆ.

ಒಂದೊಂದು ಅಂಕ ತಾನೇ ಅನ್ನಬ್ಯಾಡ್ರಿ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್‌ನ ಎರಡನೇ ವಿಭಾಗದ ಕೊನೆಯ ಪಂದ್ಯ ನಡೆಯಿತು. ಭಾರತದ ಹೆಣ್ಣುಮಕ್ಕಳು ಕಜಕಿಸ್ತಾನವನ್ನು 75-73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರಿದರು. ನಡುವೆ ಇದ್ದದ್ದು ಎರಡೇ ಅಂಕ. ಎರಡು ಫ್ರೀ ಥ್ರೋದಷ್ಟು.

ಈಗ ಒಂದು ಲೆಕ್ಕ. ಅಂಕ ಸಮ ಆದರೆ ಮತ್ತೆ 5 ನಿಮಿಷ ಆಡಿಸುತ್ತಾರೆ, ಇದು ನೆನಪಿರಲಿ. ಮುಧೋಳ ತಂಡದ್ದು 41, ಬೀಳಗಿ ತಂಡದ್ದು 40 ಅಂತ ಇಟ್ಟುಕೊಳ್ಳೋಣ. ಕೊನೆಯ ಗಳಿಗೆಯಲ್ಲಿ ಬೀಳಗಿ ಹುಡುಗಿಗೆ ಎರಡು ಫ್ರೀ ಥ್ರೋ ಸಿಕ್ಕವು. ಮೊದಲನೆಯದು ಒಳಗೆ ಬಿತ್ತು. ಎರಡನೆಯದೂ ಬಿತ್ತು, ಆದರೆ ಚೆಂಡು ಬಳೆಗೆ ತಾಗುವ ಮೊದಲೇ ಅವಳ ಕಾಲು ಗೆರೆ ತುಳಿಯಿತು. ಆಟದ ಹೊತ್ತು ಆಗಲೇ ಮುಗಿದಿತ್ತು. ಈಗ ಯಾರ ಅಂಕ ಎಷ್ಟು? ಮುಂದೆ ಏನಾಗಬೇಕು? ಪಾಟಿಯ ಮೇಲೆ ಬರೆದು ಪಕ್ಕದ ಅಕ್ಕನಿಗೆ ತೋರಿಸ್ರಿ.